ಪಟ್ಟಿಯಲ್ಲಿ ಹನ್ನೊಂದನೆಯವಳು

ವಿಮಾನದ ಕೌಂಟರಿನಲ್ಲಿ ಕೂರುವ ಮಗಳು ಟೆಸ್ ಕೊಡಿಸಿದ ಪಾಸು:
ಹೋಗುವುದು ಸಲೀಸು, ಬರುವುದು ದೇವರಿಚ್ಛೆ.
"ಯಾರಾದರೂ ತಪ್ಪಿಸಿಕೊಂಡರೆ ನಿನಗೆ ಸೀಟು, ಅಮ್ಮಾ.
ಒಂದೇ ಚೀಲ. ಒಳ್ಳೆಯ ಕೋಟು ಹಾಕಿಕೋ.
ಬಿ.ಪಿ. ಮಾತ್ರೆ ನಾಲ್ಕು ದಿನಕ್ಕೆ ಹೆಚ್ಚಿಗೆ ಇರಲಿ."

ಹೀಗೆ ನಾನು ನೇಪಲ್ಸ್ ಕಂಡೆ,
ಐವತ್ತೊಂಬತ್ತರಲ್ಲಿ, ಒಬ್ಬಳೇ,
ಮಡಿಚಿ ಮಡಿಚಿ ನಡುವೆ ತೂತುಬಿದ್ದ ನಕ್ಷೆ ಹಿಡಿದು.

ಫಿಲಡೆಲ್ಫಿಯಾದಲ್ಲಿ ನನ್ನ ಕೆಲಸ
ಶಾಲೆಯೆದುರು ರಸ್ತೆ ನಿಲ್ಲಿಸುವುದು.
ಕೆಂಪು ಫಲಕ ಎತ್ತಿದರೆ ಕಸದ ಲಾರಿಯೂ ಗಕ್ಕನೆ ನಿಂತು
ಕೊನೆಯ ಮಗು ಲೇಸು ಕಟ್ಟಿಕೊಂಡು ದಾಟುವ ತನಕ
ಉಸಿರು ಹಿಡಿಯುತ್ತದೆ.
ಇಲ್ಲಿ, ವಿಯಾ ಫೋರಿಯಾದ ಅಂಚಿನಲ್ಲಿ
ಹತ್ತು ನಿಮಿಷ ಒಂದೇ ಕಲ್ಲಿನ ಮೇಲೆ ನಿಂತಿದ್ದೆ.
ಸ್ಕೂಟರುಗಳಿಗೆ ಕೊನೆಯೆಂಬುದಿಲ್ಲ,
ಒಂದರ ಮೇಲೆ ಮೂವರು, ನಡುವೆ ಒಂದು ನಾಯಿ.
ಸೊಪ್ಪಿನ ಚೀಲದ ಮುದುಕಿಯೊಬ್ಬಳು
ಮೊಣಕೈ ಹಿಡಿದಳು, ಕೇಳಲಿಲ್ಲ,
ವಾಹನಗಳತ್ತ ನೋಡಲೂ ಇಲ್ಲ,
ನೀರಿಗಿಳಿದಂತೆ ಇಳಿದಳು.
ಆಚೆ ದಡದಲ್ಲಿ ಏನೋ ಬೈದು, ನನಗೋ ನಾಯಿಗೋ,
ಹೊರಟೇಹೋದಳು.

ಮೂರು ದಿನ ನೋಡಬೇಕಾದ್ದನ್ನೆಲ್ಲ ನೋಡಿದೆ.
ನೆಲದಡಿಯ ತಣ್ಣನೆಯ ನೀರತೊಟ್ಟಿ.
ಬೂದಿಯಲ್ಲಿ ಹೂತು ಕರಕಾದ ರೊಟ್ಟಿ, ಗಾಜಿನೊಳಗೆ,
ಎಂಟು ಪಾಲಿನ ಗೆರೆ ಇನ್ನೂ ಅಳಿಯದೆ.
ಬಾಲ್ಕನಿಯಿಂದ ಬಾಲ್ಕನಿಗೆ ಯಾರದೋ ಏಳು ಬನಿಯನ್ನು.
ಚಂದದ್ದು ಕಂಡಾಗೆಲ್ಲ ಪಕ್ಕಕ್ಕೆ ತಿರುಗಿ
ಬಾಯಿ ತೆರೆದು, ಮುಚ್ಚಿಕೊಂಡೆ.
ಮೂವತ್ತು ವರ್ಷದ ಕತ್ತಿನ ಚಾಳಿ,
ಊರು ಬದಲಾದರೆ ಬಿಡುತ್ತದೆಯೇ.

ಶನಿವಾರ, ಗೇಟಿನ ಮುಂದೆ.
ಪರದೆಯ ಮೇಲೆ ನಾನು ಮೋರೀನ್ ಡೆವ್ಲಿನ್ ಅಲ್ಲ,
"ಡೆವ್/ಮೋ", ಹನ್ನೊಂದನೆಯದು.
ಖಾಲಿ ಸೀಟು ಎರಡು.
ಆಗ ತಿಳಿಯಿತು ನನ್ನ ಮನಸ್ಸಿನ ಕೊಳೆ:
ಕಾಣದ ಯಾರದೋ ಟ್ಯಾಕ್ಸಿ ಕೆಡಲಿ,
ಹೊಸ ಜೋಡಿ ಜಗಳವಾಡಿ ಹೋಟೆಲಿನಲ್ಲೇ ಉಳಿಯಲಿ,
ಯಾರಿಗಾದರೂ ಜ್ವರ... ಬೇಡ, ಬೇಡ,
ಜ್ವರ ಬೇಡ, ಪಾಸ್‌ಪೋರ್ಟು ಮರೆಯಲಿ, ಸಾಕು.
ಎಲ್ಲರೂ ಬಂದರು. ಓಡುತ್ತ, ಬೆವರುತ್ತ, ಟೋಪಿ ಬೀಳಿಸುತ್ತ,
ಒಬ್ಬರಾದರೂ ತಪ್ಪಲಿಲ್ಲ.

ಭಾನುವಾರವೂ ಅಷ್ಟೇ. ಏಳಕ್ಕೇರಿದ್ದೆ.
ಸೋಮವಾರ ನನ್ನ ಮೂಲೆಯಲ್ಲಿ
ವ್ಯಾಯಾಮದ ಮೇಷ್ಟ್ರು ನಿಲ್ಲುತ್ತಾರಂತೆ, ಸಿಳ್ಳೆ ಊದುತ್ತ.
ಮಕ್ಕಳಿಗೆ ಸಿಳ್ಳೆ ಆಗುವುದಿಲ್ಲ, ಅಂದೆ. ಫೋನು ಇಟ್ಟಾಗಿತ್ತು.

ನೋಡಲು ಏನೂ ಉಳಿಯದ ಊರಿಗೆ ಬಸ್ಸಿನಲ್ಲಿ ಮರಳಿದೆ.
ಕೋಣೆಯ ಒಡತಿ ನುಂಝಿಯಾ ನಗದೆ ಬೀಗದಕೈ ಕೊಟ್ಟಳು.
ದಿಂಬಿನ ಗವಸು ಬದಲಿಸಿರಲೇ ಇಲ್ಲ.

ಕೆಳಗಿನ ಕಾಫಿಯಂಗಡಿಯಲ್ಲಿ ನಾಣ್ಯ ಎಣಿಸುತ್ತಿದ್ದೆ.
ಚೀರೋ ಕೈಯಾಡಿಸಿದ: ಬೇಡ, ಇದಕ್ಕೆ ಆಗಲೇ ಕೊಟ್ಟಾಗಿದೆ.
ಯಾರು?
ಹೆಗಲು ಹಾರಿಸಿದ.
ಬೆಳಿಗ್ಗೆ ಯಾರೋ ಒಂದು ಕುಡಿದು ಎರಡಕ್ಕೆ ಕೊಟ್ಟು ಹೋದರು,
ಬಂದವರಿಗೆ, ಯಾರು ಬಂದರೆ ಅವರಿಗೆ.
ತೂಗುಬಿಟ್ಟ ಕಾಫಿ, ಅನ್ನುತ್ತಾರಂತೆ ಇಲ್ಲಿ.
ನನ್ನನ್ನು ಬಡವಿ ಅಂದುಕೊಂಡನೇ? ಕೋಟು ನೋಡಲಿಲ್ಲವೇ?
ಮುಖ ಬಿಸಿಯಾಯಿತು. ಕಪ್ಪೂ ಬಿಸಿ.
ಎರಡು ಗುಟುಕು ಕಹಿ, ತಳದಲ್ಲಿ ಕರಗದ ಸಕ್ಕರೆ.
ಇದು ನನಗೆ ಸಿಗಲು ಯಾರೂ ಏನೂ ತಪ್ಪಿಸಿಕೊಂಡಿರಲಿಲ್ಲ.

ಸಂಜೆ ವಿಯಾ ಫೋರಿಯಾ ದಾಟಿದೆ, ಸುಮ್ಮನೆ,
ಆಚೆ ಏನೂ ಕೆಲಸವಿರಲಿಲ್ಲ.
ಅಭ್ಯಾಸಬಲ, ಕೈ ಮೇಲೆದ್ದಿತು.
ಯಾರೂ ನಿಲ್ಲಲಿಲ್ಲ. ಸುತ್ತಿ ಹರಿದರು.
ಮತ್ತೆ ಈಚೆಗೆ ದಾಟಿದೆ.

ಮಂಗಳವಾರ ಹೆಸರು ಕರೆದರು, ಕೊನೆಯದಾಗಿ.
ಮೂವತ್ತೊಂದನೆಯ ಸಾಲು, ನಡುವಿನ ಸೀಟು.
ಸಮುದ್ರದ ಮೇಲೆಲ್ಲೋ ಎಲ್ಲರಿಗಿಂತ ಮೊದಲು ನನಗೊಂದು ತಟ್ಟೆ ಬಂತು,
ಮುಚ್ಚಳದ ಮೇಲೆ ಚೀಟಿ:
ಸಿನ್ಯೋರಾ ಕಾಪುವಾನೋ, ಮಾಂಸ ಬೇಡ.
ನಾನಲ್ಲ ಅನ್ನುವಷ್ಟರಲ್ಲಿ ಹುಡುಗಿ ಮುಂದೆ ಹೋಗಿದ್ದಳು.

ಬದನೆಕಾಯಿ ಚೆನ್ನಾಗಿತ್ತು, ಸಿನ್ಯೋರಾ.
ತಿಂದೆ, ಪೂರ್ತಿ.
ಜ್ವರವಲ್ಲ ತಾನೆ?